ನೆತ್ತಿಗೆ ಬರುವ ಸೂರ್ಯ, ಹುಟ್ಟುವ ಮಳೆ

ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡೇ ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ 24ರ ಆಸುಪಾಸು ಒಂದು ಸಲ, ಆಗಸ್ಟ್ 18ರ ಆಸುಪಾಸು ಇನ್ನೊಂದು ಸಲ. ಎರಡೂ ದಿನ ಬಿಸಿಲು ಬೀಳುವ ಕೋನ ಒಂದೇ. ಹಗಲಿನ ಉದ್ದವೂ ಒಂದೇ. ಬರೀ ಲೆಕ್ಕ ನೋಡಿದರೆ ಎರಡೂ ದಿನ ಒಂದೇ ಥರ ಇರಬೇಕು. ಆದರೆ ಏಪ್ರಿಲ್ 24ಕ್ಕೆ ಟೆರೇಸ್ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆಲ್ಲ ಸೀರೆಯಿಂದ ತಾನಾಗೇ ಬಿಟ್ಟುಕೊಳ್ಳುತ್ತದೆ. ಆಗಸ್ಟ್ 18ಕ್ಕೆ ಒಗೆದು ಹಾಕಿದ ಟವೆಲ್ ಮಾರನೇ ದಿನವೂ ಮುಗ್ಗಲು ವಾಸನೆ ಬಿಡುವುದಿಲ್ಲ. ಬೆಂಗಳೂರಿನ ಗರಿಷ್ಠ ಉಷ್ಣಾಂಶದ ಸರಾಸರಿ ಏಪ್ರಿಲ್‌ನಲ್ಲಿ ಸುಮಾರು 34 ಡಿಗ್ರಿ, ಆಗಸ್ಟ್‌ನಲ್ಲಿ ಸುಮಾರು 28.

ಅದೇ ಸೂರ್ಯ, ಅದೇ ಊರು, ಅದೇ ಎತ್ತರ. ಹಾಗಾದರೆ ಆ ಆರು ಡಿಗ್ರಿ ಎಲ್ಲಿ ಹೋಯಿತು?

ಶಾಲೆಯಲ್ಲಿ ಓದಿದ ಋತುಗಳ ಪಾಠದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಆ ಪಾಠ ತಪ್ಪು ಅಂತಲ್ಲ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಉತ್ತರಾರ್ಧ ಸೂರ್ಯನ ಕಡೆ ವಾಲಿದಾಗ ಅಲ್ಲಿ ಬೇಸಿಗೆ, ಆಚೆ ವಾಲಿದಾಗ ಚಳಿಗಾಲ. ಎಲ್ಲವೂ ನಿಜ. ಆದರೆ ಆ ಚಿತ್ರ ನಮ್ಮಿಂದ ತುಂಬಾ ಉತ್ತರಕ್ಕಿರುವ ದೇಶಗಳಿಗೆ ಹೊಂದುವ ಹಾಗೆ ನಮಗೆ ಹೊಂದುವುದಿಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿ ಕೂತು ನೋಡಿದರೆ ಈ ವಾಲಿಕೆಯ ಕೆಲಸವೇ ಬೇರೆ ಥರ ಕಾಣುತ್ತದೆ.

ನನ್ನ ತಂಗಿ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿದ್ದಾಳೆ. ಅದು 56 ಡಿಗ್ರಿ ಉತ್ತರ. ಡಿಸೆಂಬರ್ ಬಂತೆಂದರೆ ಅವಳ ಫೋನ್ ಶುರುವಾಗುವುದೇ ಹೀಗೆ: "ಅಕ್ಕಾ, ಇನ್ನೂ ನಾಲ್ಕು ಗಂಟೆ ಆಗಿಲ್ಲ, ಆಗಲೇ ದೀಪ ಹಾಕ್ದೆ." ಅಲ್ಲಿ ಡಿಸೆಂಬರ್ 21ರ ಹಗಲು ಏಳು ಗಂಟೆಯಷ್ಟೇ. ಜೂನ್ 21ರ ಹಗಲು ಹದಿನೇಳೂವರೆ ಗಂಟೆ. ಹತ್ತು ಗಂಟೆಗೂ ಜಾಸ್ತಿ ವ್ಯತ್ಯಾಸ. ಅಲ್ಲಿನವರಿಗೆ ಭೂಮಿ ವಾಲಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಮೈಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 22 ನಿಮಿಷ, ಅತಿ ದೊಡ್ಡದು 12 ಗಂಟೆ 53 ನಿಮಿಷ. ವರ್ಷವಿಡೀ ಸೇರಿ ಒಂದೂವರೆ ಗಂಟೆಯ ಏರಿಳಿತ. ಯಾರ ಗಮನಕ್ಕೂ ಬರುವುದಿಲ್ಲ.

ಹಾಗಂತ ವಾಲಿಕೆ ನಮ್ಮನ್ನು ಸುಮ್ನೆ ಬಿಟ್ಟಿಲ್ಲ. ನಮ್ಮಲ್ಲಿ ಅದು ಹಗಲಿನ ಉದ್ದದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮಳೆಯಲ್ಲಿ ಕಾಣುತ್ತದೆ. ನನಗೆ ಇದು ಅರ್ಥವಾದ ಮೇಲೆ ಆಕಾಶ ನೋಡುವ ರೀತಿಯೇ ಬದಲಾಯಿತು.

ಮೊದಲು ನೆರಳಿನ ವಿಷಯ ಹೇಳಿಬಿಡುತ್ತೇನೆ. ಪತ್ರಿಕೆಗಳು ಇದನ್ನು ಶೂನ್ಯ ನೆರಳಿನ ದಿನ ಅಂತ ಬರೆಯುತ್ತವೆ. ಬೆಂಗಳೂರಿನಲ್ಲಿ ಏಪ್ರಿಲ್ 24ರಂದು ಮಧ್ಯಾಹ್ನ 12 ಗಂಟೆ 17-18 ನಿಮಿಷಕ್ಕೆ ಒಂದು ಸ್ಟೀಲ್ ಲೋಟವನ್ನು ಸಮತಟ್ಟಾದ ನೆಲದ ಮೇಲಿಡಿ. ಸಾಮಾನ್ಯವಾಗಿ ಲೋಟದ ಒಳಗೆ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು ಇರುತ್ತದೆ. ಆ ನಿಮಿಷದಲ್ಲಿ ಮಾತ್ರ ತಳ ಪೂರ್ತಿ ಬೆಳಗುತ್ತದೆ, ಅಂಚಿನಿಂದ ಅಂಚಿಗೆ. ಒಂದು ತುಂಡು ಪಿವಿಸಿ ಪೈಪನ್ನು ನೆಟ್ಟಗೆ ಹಿಡಿದರೆ ಕೆಳಗೆ ನೆಲದ ಮೇಲೆ ದುಂಡನೆಯ ಬೆಳಕು. ಹತ್ತು ನಿಮಿಷ ಬಿಟ್ಟು ನೋಡಿದರೆ ಬೆಳಕು ಒಂದು ಕಡೆಯಿಂದ ಸವೆಯಲು ಶುರು. ಲೋಟ ಅಲುಗಿಲ್ಲ, ಸೂರ್ಯ ಅಲುಗಿಲ್ಲ. ಲೋಟ ಇಟ್ಟ ಟೆರೇಸೇ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುತ್ತವೆ, ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುವುದೂ ಹಾಗೆಯೇ ಎಂದು ಆರ್ಯಭಟ ಸುಮಾರು 1,500 ವರ್ಷಗಳ ಹಿಂದೆಯೇ ಹೇಳಿದ್ದ. ಅದೇ ದಿನ ಮಂಗಳೂರಿನಲ್ಲೂ ನೆರಳು ಮಾಯವಾಗುತ್ತದೆ, ಆದರೆ ಹನ್ನೊಂದು ನಿಮಿಷ ತಡವಾಗಿ. ಘಟ್ಟ ಇಳಿದು ಮಂಗಳೂರು ಸೂರ್ಯನ ಕೆಳಗೆ ಬರಲು ಭೂಮಿಗೆ ಅಷ್ಟು ಹೊತ್ತು ಬೇಕು.

ಇದು ಪೂರ್ವ ಪಶ್ಚಿಮದ ಓಟ. ಉತ್ತರಕ್ಕೆ ಹೋಗುವ ನಡಿಗೆ ಇದಕ್ಕಿಂತ ತುಂಬಾ ನಿಧಾನ. ನನಗೆ ಜಾಸ್ತಿ ಇಷ್ಟ ಅದೇ. ನೆತ್ತಿಯ ಸೂರ್ಯ ಏಪ್ರಿಲ್ 21ರ ಆಸುಪಾಸು ಚಾಮರಾಜನಗರದಲ್ಲಿರುತ್ತಾನೆ. 24ಕ್ಕೆ ಬೆಂಗಳೂರು, ಹಾಸನ, ಮಂಗಳೂರು. ತಿಂಗಳ ಕೊನೆಗೆ ಶಿವಮೊಗ್ಗ, ದಾವಣಗೆರೆ ದಾಟಿ ಮೇ 2ರ ಹೊತ್ತಿಗೆ ಹಂಪಿ. ಮೇ ಎರಡನೇ ವಾರಕ್ಕೆ ಕಲಬುರಗಿ, ಆಮೇಲೆ ಬೀದರ್. ಕರ್ನಾಟಕವನ್ನು ದಾಟಲು ಅವನಿಗೆ ಹೆಚ್ಚೂಕಡಿಮೆ ಮೂರು ವಾರ ಬೇಕು. ದಿನಕ್ಕೆ ಸುಮಾರು 33 ಕಿ.ಮೀ. ಗಟ್ಟಿಮುಟ್ಟಾದ ಮನುಷ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದರೆ ಕ್ರಮಿಸಬಹುದಾದ ದೂರ ಅದು. ಚಾಮರಾಜನಗರದಿಂದ ಒಬ್ಬರು ಬುತ್ತಿ ಕಟ್ಟಿಕೊಂಡು ಹೊರಟರೆ ನೆತ್ತಿಯ ಸೂರ್ಯನ ಜೊತೆಜೊತೆಗೇ ಬೀದರ್ ಸೇರಬಹುದು! ಏಪ್ರಿಲ್ ಮೇ ಬಿಸಿಲಲ್ಲಿ ಹಾಗೆ ನಡೆಯುವುದು ಬೇಡ, ಆದರೆ ಆ ವೇಗ ನಮ್ಮ ಕಾಲಿನ ಅಳತೆಗೆ ಸಿಗುವಂಥದ್ದು ಅನ್ನುವುದೇ ನನಗೆ ಖುಷಿ.

ಅಲ್ಲಿಂದ ಅವನು ಇನ್ನೂ ಉತ್ತರಕ್ಕೆ ಹೋಗಿ, ಜೂನ್ 21ಕ್ಕೆ ಕರ್ಕಾಟಕ ಸಂಕ್ರಾಂತಿ ವೃತ್ತ ಮುಟ್ಟಿ, ವಾಪಸ್ ಹೊರಡುತ್ತಾನೆ. ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ಇರುವುದು ಉತ್ತರ ದಿಕ್ಕಿನಲ್ಲಿ. ಜೂನ್‌ನಲ್ಲಿ ಹತ್ತು ಡಿಗ್ರಿಗೂ ಸ್ವಲ್ಪ ಜಾಸ್ತಿ ಉತ್ತರಕ್ಕೆ ವಾಲಿರುತ್ತಾನೆ. ಆಗ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಮ್ಮ ಅಡುಗೆಮನೆಯ ಕಿಟಕಿ ಉತ್ತರಕ್ಕಿದೆ. ವರ್ಷದ ಬಹುಪಾಲು ಅಲ್ಲಿ ಬಿಸಿಲೇ ಇಲ್ಲ. ಮೇ ಕೊನೆಗೆ, ಮೋಡ ಬಿಡುವು ಕೊಟ್ಟ ಬೆಳಿಗ್ಗೆ, ಓರೆಯಾಗಿ ಒಂದು ಪಟ್ಟಿ ಬೆಳಕು ಒಳಗೆ ಬಂದು ಸಾಂಬಾರ್ ಪುಡಿ ಡಬ್ಬಿಗಳ ಮೇಲೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಇದರ ತದ್ವಿರುದ್ಧ. ದಕ್ಷಿಣದ ಕಿಟಕಿಯ ಬಿಸಿಲು ಹಾಲಿನ ನೆಲದ ಮೇಲೆ ಹಾಸಿರುತ್ತದೆ.

ಸರಿ, ಮತ್ತೆ ಆ ಆರು ಡಿಗ್ರಿ. ಏಪ್ರಿಲ್‌ನಲ್ಲಿ ನೆಲ ಒಣಗಿದೆ, ಆಕಾಶ ಬಹುಮಟ್ಟಿಗೆ ಬಯಲು. ಬಿದ್ದ ಬಿಸಿಲೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸಲು ಹೋಗುತ್ತದೆ. ಆಗಸ್ಟ್‌ನಲ್ಲಿ ಸೂರ್ಯನಿಗೂ ನಮಗೂ ನಡುವೆ ಮೋಡ. ಮೋಡ ದಾಟಿ ಬಂದ ಬಿಸಿಲಲ್ಲೂ ದೊಡ್ಡ ಪಾಲು ಒದ್ದೆ ನೆಲದ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಮೇಲಿಂದ ಪಶ್ಚಿಮದ ಕಡಲ ಗಾಳಿ. ಅಂದರೆ ಎರಡು ನೆತ್ತಿಯ ದಿನಗಳ ಮಧ್ಯೆ ನಡೆದದ್ದು ಒಂದೇ ಸಂಗತಿ. ಮುಂಗಾರು ಬಂತು.

ಆ ಮುಂಗಾರನ್ನು ತಂದದ್ದು ಅದೇ ವಾಲಿಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಜೂನ್‌ನಲ್ಲಿ ಉತ್ತರ ಭಾರತಕ್ಕೆ ಸಿಗುವ ಬಿಸಿಲು ಸಮಭಾಜಕ ವೃತ್ತಕ್ಕೆ ಸಿಗುವುದಕ್ಕಿಂತ ಜಾಸ್ತಿ. ದೆಹಲಿಯಲ್ಲಿ ಆಗ ಮಧ್ಯಾಹ್ನದ ಸೂರ್ಯ ಹೆಚ್ಚೂಕಡಿಮೆ ನೆತ್ತಿಯಲ್ಲೇ ಇರುತ್ತಾನೆ, ಹಗಲು ಬೇರೆ ಸುಮಾರು 14 ಗಂಟೆ ಉದ್ದ. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಭಾರತದ ನೆಲ, ಅದರಾಚೆ ಟಿಬೆಟ್ಟಿನ ಎತ್ತರದ ಪ್ರಸ್ಥಭೂಮಿ, ಎಲ್ಲ ಕಾದು ಮೇಲಿನ ಗಾಳಿ ಏರುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ಆ ಜಾಗ ತುಂಬಲು ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ ಗಾಳಿ ಹೊರಡುತ್ತದೆ.

ಆ ಗಾಳಿ ಹೊರಡುವಾಗ ಆಗ್ನೇಯದಿಂದ ಬೀಸುತ್ತಿರುತ್ತದೆ. ನಮ್ಮ ಕರಾವಳಿ ಮುಟ್ಟುವಾಗ ನೈಋತ್ಯದಿಂದ ಬರುತ್ತದೆ. ನಡುವೆ ದಿಕ್ಕು ಬದಲಿಸಿದ್ದು ಭೂಮಿಯ ತಿರುಗುವಿಕೆ. ತಿರುಗುವ ಭೂಮಿಯ ಮೇಲೆ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ ತಿರುಗುತ್ತದೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಕೊರಿಯೊಲಿಸ್ ಪರಿಣಾಮ ಅಂತ ಇದರ ಹೆಸರು. ಆಫ್ರಿಕಾದ ಪೂರ್ವ ಕರಾವಳಿಯ ಹತ್ತಿರ ಸಮಭಾಜಕ ವೃತ್ತ ದಾಟಿದ ಗಾಳಿ, ಸೊಮಾಲಿಯಾ ಪಕ್ಕದಲ್ಲಿ ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರದ ಮೇಲೆ ಜೋರಾಗಿ ಬೀಸುತ್ತಾ ನೀರಿನ ಪಸೆ ತುಂಬಿಕೊಂಡು ಬರುತ್ತದೆ. ಪಶ್ಚಿಮ ಘಟ್ಟಕ್ಕೆ ಗುದ್ದಿ ಮೇಲೇರುತ್ತದೆ. ಆಗುಂಬೆಯಲ್ಲಿ ಸುರಿದುಬಿಡುತ್ತದೆ. ಜೂನ್ 1ರ ಸುಮಾರಿಗೆ ಕೇರಳ, ಕೆಲವೇ ದಿನಕ್ಕೆ ನಮ್ಮ ಕರಾವಳಿ.

ಯೋಚಿಸಿ ನೋಡಿ. ಉತ್ತರ ದಕ್ಷಿಣಗಳ ನಡುವೆ ಬಿಸಿಯ ತಾರತಮ್ಯ ತಂದದ್ದು ವಾಲಿಕೆ. ಗಾಳಿಯನ್ನು ನಮ್ಮ ಕಡೆ ಹೊರಳಿಸಿದ್ದು ದಿನದ ತಿರುಗುವಿಕೆ. ಪ್ರತಿ ವರ್ಷ ಅದೇ ಹೊತ್ತಿಗೆ ಇದನ್ನು ವಾಪಸ್ ತರುವುದು ಸೂರ್ಯನ ಸುತ್ತಿನ ಪಯಣ. ಮೂರರಲ್ಲಿ ಒಂದು ಇಲ್ಲದಿದ್ದರೂ ನಮಗೆ ಗೊತ್ತಿರುವ ಮುಂಗಾರು ಇಲ್ಲ. ಭೂಮಿಯ ಚಲನೆಗಳನ್ನು ಮಕ್ಕಳಿಗೆ ಹೇಳಿಕೊಡುವಾಗ ಗ್ಲೋಬು, ಟಾರ್ಚು ಹಿಡಿಯುತ್ತೇವೆ. ಮಾಡಲಿ, ಒಳ್ಳೆಯದೇ. ಆದರೆ ನಮ್ಮ ಮಕ್ಕಳಿಗೆ ಜೂನ್ ತಿಂಗಳಲ್ಲಿ ಶಾಲೆಯ ಹಂಚಿನ ಮೇಲೆ ಬಡಿಯುವ ಮಳೆಗಿಂತ ದೊಡ್ಡ ಪಾಠ ಬೇಕಾ?

ನಮ್ಮ ರೈತರು ಇದನ್ನು ಗ್ಲೋಬ್ ಇಲ್ಲದೆಯೇ ಲೆಕ್ಕ ಇಟ್ಟಿದ್ದಾರೆ. ದೊಡ್ಡಪ್ಪ ತಿಪಟೂರಿನ ಕಡೆಯವರು. ಮೇ ತಿಂಗಳಲ್ಲಿ ಫೋನ್ ಮಾಡಿ ಮಳೆ ಹೇಗಿದೆ ದೊಡ್ಡಪ್ಪ ಅಂತ ಕೇಳಿದರೆ ತಾರೀಕು ಹೇಳುವುದಿಲ್ಲ. "ಕೃತ್ತಿಕೆ ಕೈ ಕೊಡ್ತು ಕಣಮ್ಮ. ನಾಳಿದ್ದು ರೋಹಿಣಿ ಹುಟ್ಟುತ್ತೆ, ನೋಡೋಣ" ಅನ್ನುತ್ತಾರೆ. ಮಳೆ ಹುಟ್ಟುವುದು ಅಂದರೆ ಸೂರ್ಯ ಆ ನಕ್ಷತ್ರಕ್ಕೆ ಕಾಲಿಡುವುದು. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ಮೇ 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಹೀಗೆ ಹಸ್ತ ಚಿತ್ತ ಸ್ವಾತಿ ವಿಶಾಖದವರೆಗೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರ, ಹೋದರೆ ದರಿದ್ರ. ಹೆಸರು, ಎಳ್ಳು ಬಿತ್ತುವುದು ಭರಣಿ ಕೃತ್ತಿಕೆಯ ಹದಕ್ಕೆ. ರಾಗಿಗೆ ಪುನರ್ವಸು, ಪುಷ್ಯ.

ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲ, ಅಲ್ವಾ? ಮತ್ತೆ ಸೂರ್ಯ ರೋಹಿಣಿಯಲ್ಲಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಮುಂಜಾವದಲ್ಲಿ ಸೂರ್ಯನಿಗೆ ಮುಂಚೆ ಮೂಡುವ, ಸಂಜೆ ಅವನ ಹಿಂದೆ ಮುಳುಗುವ ನಕ್ಷತ್ರಗಳನ್ನು ನೋಡಿ. ದಿನ ಕಳೆದಂತೆ ಅವು ಜಾಗ ಬದಲಿಸುತ್ತವೆ. ನಾವು ಸೂರ್ಯನನ್ನು ಸುತ್ತುತ್ತಿರುವುದರಿಂದ ಅವನ ಹಿನ್ನೆಲೆಯ ನಕ್ಷತ್ರ ಬದಲಾಗುತ್ತಾ ಹೋಗುತ್ತದೆ. 27 ನಕ್ಷತ್ರಕ್ಕೆ ಒಂದು ವರ್ಷ. ಅಂದರೆ ದೊಡ್ಡಪ್ಪ ರೋಹಿಣಿ ಹುಟ್ಟಿತು ಅಂದಾಗ ಅವರು ಹೇಳುತ್ತಿರುವುದು ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿಗೆ ಬಂದಿದೆ ಅನ್ನುವುದನ್ನು.

ಪಂಚಾಂಗ ತೆಗೆದು ಈ ಮಳೆಗಳ ದಿನ ಎಣಿಸಿದರೆ ಇನ್ನೊಂದು ಸೊಗಸು ಸಿಗುತ್ತದೆ. ಆಷಾಢದ ಹೊತ್ತಿನ ಆರಿದ್ರ, ಪುನರ್ವಸು ಹದಿನಾಲ್ಕು ದಿನ ಇರುತ್ತವೆ. ಜನವರಿಯಲ್ಲಿ ಸೂರ್ಯ ಒಂದು ನಕ್ಷತ್ರ ದಾಟಲು ಹದಿಮೂರೇ ದಿನ ಸಾಕು. ಯಾಕೆ? ಕಕ್ಷೆ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿ.ಮೀ. ಜುಲೈ ಮೊದಲ ವಾರ ಅತಿ ದೂರ, 15.2 ಕೋಟಿ ಕಿ.ಮೀ. ಹತ್ತಿರ ಇದ್ದಾಗ ವೇಗ ಜಾಸ್ತಿ, ಸೆಕೆಂಡಿಗೆ 30.3 ಕಿ.ಮೀ. ದೂರ ಇದ್ದಾಗ 29.3. ಕೆಪ್ಲರ್ 1609ರಲ್ಲಿ ಹೇಳಿದ ನಿಯಮ ನಮ್ಮ ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲೇ ಇದೆ. ಸೂರ್ಯನಿಗೆ ಹತ್ತಿರ ಇರುವಾಗಲೇ ನಮಗೆ ಚಳಿ ಅನ್ನುವುದನ್ನೂ ಗಮನಿಸಬೇಕು. ದೂರ ಹತ್ತಿರದಿಂದ ಋತು ಆಗುವುದಾಗಿದ್ದರೆ ನಾವು ಜನವರಿಯಲ್ಲಿ ಬೆವರಬೇಕಿತ್ತು.

ಈ ವೇಗದ ವ್ಯತ್ಯಾಸ ಬೆಳಗಿನ ವಾಕಿಂಗ್‌ಗೂ ಬಂದು ಮುಟ್ಟುತ್ತದೆ. ನಮ್ಮ ಬೀದಿಯ ಪಾರ್ಕಿನಲ್ಲಿ ಪ್ರತಿ ಸಂಕ್ರಾಂತಿಗೂ ಇದೇ ಮಾತು: ಹಬ್ಬ ಆಯ್ತು, ಆದ್ರೂ ಬೆಳಿಗ್ಗೆ ಎದ್ರೆ ಕತ್ತಲೇ. ಮಾತು ನಿಜ. ಬೆಂಗಳೂರಿನಲ್ಲಿ ಡಿಸೆಂಬರ್ 21ಕ್ಕೆ ಸೂರ್ಯ ಹುಟ್ಟುವುದು ಸುಮಾರು 6:38ಕ್ಕೆ. ಸಂಕ್ರಾಂತಿಗೆ 6:45. ಜನವರಿ ಕೊನೆಯ ವಾರದಲ್ಲೂ ಅಷ್ಟೇ, 6:46. ಸಂಜೆ ಬೇಗ ಕತ್ತಲಾಗುವುದು ಡಿಸೆಂಬರ್‌ನಲ್ಲಲ್ಲ, ನವೆಂಬರ್ 20ರ ಆಸುಪಾಸು, 5:50ಕ್ಕೆ. ಕಾರಣ ಇಷ್ಟು. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸುವುದು 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ. ಅಷ್ಟರಲ್ಲಿ ಕಕ್ಷೆಯಲ್ಲೂ 25 ಲಕ್ಷ ಕಿ.ಮೀ.ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಸೂರ್ಯನನ್ನು ಮತ್ತೆ ಎದುರಿಗೆ ತರಲು ಇನ್ನೂ ಸುಮಾರು ನಾಲ್ಕು ನಿಮಿಷ ತಿರುಗಬೇಕು. ಡಿಸೆಂಬರ್ ಕೊನೆಗೆ ವೇಗ ಜಾಸ್ತಿ, ವಾಲಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಆಗ ಆ ನಾಲ್ಕು ನಿಮಿಷ ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಗಡಿಯಾರ ಮಾತ್ರ 24 ಗಂಟೆಗೇ ನಿಂತಿದೆ. ಹಾಗಾಗಿ ಸೂರ್ಯನ ಮಧ್ಯಾಹ್ನ ದಿನಕ್ಕೆ ಅರ್ಧ ನಿಮಿಷ ತಡವಾಗುತ್ತಾ ಹೋಗುತ್ತದೆ, ಅದರ ಜೊತೆ ಬೆಳಗೂ ಸಂಜೆಯೂ. ಎಡಿನ್‌ಬರ್ಗ್‌ನಲ್ಲಿ ಹಗಲು ಬೇಗ ಬೇಗ ಬೆಳೆಯುವುದರಿಂದ ಇದು ಹೆಚ್ಚು ದಿನ ಕಾಣುವುದಿಲ್ಲ. ನಮ್ಮಲ್ಲಿ ಹಗಲು ಬೆಳೆಯುವುದೇ ನಿಧಾನ, ಆದ್ದರಿಂದ ತಿಂಗಳುಗಟ್ಟಲೆ ಕಾಣುತ್ತದೆ.

ಸಂಕ್ರಾಂತಿಯ ಮಾತು ಬಂತಲ್ಲ, ಅದರಲ್ಲೇ ಇನ್ನೊಂದು ಚಲನೆ ಅಡಗಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ನಡುವೆ ಇಪ್ಪತ್ನಾಲ್ಕು ದಿನ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು. ಭೂಮಿಯ ಅಕ್ಷ ವಾಲಿರುವುದಷ್ಟೇ ಅಲ್ಲ, ವಾಲಿದ ದಿಕ್ಕನ್ನು ನಿಧಾನವಾಗಿ ಬದಲಿಸುತ್ತಾ 26,000 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಹಾಗಾಗಿ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ 72 ವರ್ಷಕ್ಕೊಂದು ದಿನದಂತೆ ಜಾರುತ್ತದೆ. ಪಂಚಾಂಗದವರು ಅಯನಾಂಶ ಅಂತ ಇದಕ್ಕೆ ಲೆಕ್ಕ ಇಟ್ಟಿದ್ದಾರೆ. ಈಗ ಅದು 24 ಡಿಗ್ರಿ ದಾಟಿದೆ.

ಇದು ಮಳೆಗೂ ಅನ್ವಯಿಸುತ್ತದೆ. ಹಿಂದೆ ದಕ್ಷಿಣಾಯನ ಶುರುವಾಗುತ್ತಿದ್ದದ್ದು ಆಶ್ಲೇಷದ ನಡುವೆ, ಈಗ ಪುನರ್ವಸುವಿನಲ್ಲಿ ಎಂದು ವರಾಹಮಿಹಿರ ಆರನೇ ಶತಮಾನದಲ್ಲೇ ಬರೆದಿಟ್ಟ. ಇವತ್ತು ಅದು ಆರಿದ್ರೆಯ ಹೊಸ್ತಿಲಿಗೆ ಬಂದಿದೆ. ಆರಿದ್ರ ಮಳೆ ಹುಟ್ಟುವುದೂ ಸೂರ್ಯ ದಕ್ಷಿಣಕ್ಕೆ ಹೊರಳುವುದೂ ಈಗ ಒಟ್ಟೊಟ್ಟಿಗೆ, ಜೂನ್ 21-22ಕ್ಕೆ. ಒಂದು ನಕ್ಷತ್ರದಷ್ಟು ಜಾರಲು ಸುಮಾರು 950 ವರ್ಷ ಬೇಕು. ಹೊಯ್ಸಳರ ಕಾಲದ ರೈತ ಯಾವುದೋ ಒಂದು ಮಳೆಗೆ ಬಿತ್ತುತ್ತಿದ್ದ ಅನ್ನಿ. ಅದೇ ಋತು, ಅದೇ ಹದ ಇವತ್ತು ಹೆಚ್ಚೂಕಡಿಮೆ ಅದರ ಹಿಂದಿನ ಮಳೆಯ ಹೆಸರಲ್ಲಿ ಬರುತ್ತದೆ. ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಏನಾದ್ರೂ ಇರಲಿ ಕಣಮ್ಮ, ಮಣ್ಣು ಮುಟ್ಟಿ ನೋಡ್ದೆ ಯಾರೂ ಬಿತ್ತಲ್ಲ" ಅಂದರು.

ಈ ಅಕ್ಷದ ಸುತ್ತಾಟ ಹೆಸರುಗಳನ್ನು ಮಾತ್ರ ಅಲ್ಲ, ಮಳೆಯನ್ನೇ ಬದಲಿಸಿದೆ. ಈಗ ಭೂಮಿ ಸೂರ್ಯನಿಗೆ ಹತ್ತಿರ ಇರುವುದು ನಮ್ಮ ಚಳಿಗಾಲದಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಅದು ಉತ್ತರದ ಬೇಸಿಗೆಯ ಹೊತ್ತಿಗಿತ್ತು. ಅತಿ ಹತ್ತಿರ, ಅತಿ ದೂರದ ನಡುವೆ ಬಿಸಿಲಿನ ವ್ಯತ್ಯಾಸ ಸುಮಾರು ಶೇಕಡಾ 7. ಆಗ ಉತ್ತರದ ನೆಲ ಈಗಿಗಿಂತ ಜಾಸ್ತಿ ಕಾಯುತ್ತಿತ್ತು, ಕಡಲಿನಿಂದ ಎಳೆದುಕೊಳ್ಳುವ ಗಾಳಿಯೂ ಜಾಸ್ತಿ. ಮುಂಗಾರು ಬಲವಾಗಿತ್ತು. ಒಮಾನ್‌ನ ಗುಹೆಗಳಲ್ಲಿ ಪದರ ಪದರವಾಗಿ ಬೆಳೆದ ಸುಣ್ಣದ ಕಂಬಗಳಲ್ಲಿ ಆ ಮಳೆಯ ಗುರುತು ಇದೆ. ನಮ್ಮ ಕಡೆ ಬರುವ ಅದೇ ಅರಬ್ಬಿ ಸಮುದ್ರದ ಗಾಳಿಯ ಮಳೆ ಅದು. ಆಫ್ರಿಕಾದ ಕಡೆ ಸಹಾರಾ ಹಸಿರಾಗಿತ್ತು. ಅಲ್ಜೀರಿಯಾದ ತಾಸಿಲಿ ಬೆಟ್ಟಗಳ ಬಂಡೆಗಳ ಮೇಲೆ ಆ ಕಾಲದ ಜನ ಬರೆದ ದನದ ಮಂದೆಗಳು ಇವತ್ತೂ ಇವೆ. ಸುತ್ತ ಈಗ ಬರೀ ಮರಳುಗಾಡು. ಭೂಮಿ ವಾಲಿದ ದಿಕ್ಕು ಬದಲಾಗಿದ್ದಕ್ಕೆ ಅಷ್ಟು ದೊಡ್ಡ ಹುಲ್ಲುಗಾವಲೇ ಹೋಯಿತು, ದನ ಮೇಯಿಸುವವರು ನೀರು ಹುಡುಕಿಕೊಂಡು ಹೊರಟರು.

ಸೂರ್ಯನಿಗೆ ಹತ್ತಿರವಾಗುವ ದಿನ ಈಗಲೂ ನಿಂತಿಲ್ಲ. ಋತುಗಳ ಲೆಕ್ಕದಲ್ಲಿ 58 ವರ್ಷಕ್ಕೆ ಹೆಚ್ಚೂಕಡಿಮೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. 13ನೇ ಶತಮಾನದಲ್ಲಿ ಅದು ಡಿಸೆಂಬರ್‌ನ ಅತಿ ಚಿಕ್ಕ ಹಗಲಿನ ಜೊತೆಗಿತ್ತು. ಈಗ ಜನವರಿ ಮೊದಲ ವಾರಕ್ಕೆ ಬಂದಿದೆ. ಹೀಗೇ ಹೋದರೆ ಮತ್ತೆ ಜೂನ್ ಮುಟ್ಟಲು ಸುಮಾರು 10,000 ವರ್ಷ ಬೇಕು.